ಮಾತು ನಿಂತುಹೋದವರ ಮಾತನ್ನು ಬರೆಯಬಹುದಾ? ಇಶಿಮುರೆ ಮಿಚಿಕೊ ಓದಿದವರು ದಯವಿಟ್ಟು ಬನ್ನಿ

ಕಡಲಂಚು (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಹತ್ತು ದಿನದಿಂದ ಒಂದೇ ಪುಸ್ತಕ ಹಿಡಿದು ಕೂತಿದ್ದೇನೆ. ಜಪಾನಿನ ಇಶಿಮುರೆ ಮಿಚಿಕೊ ಅವರ ‘ಕುಗಾಯ್ ಜೋದೊ’. ನಾನು ಓದಿದ್ದು 1990ರಲ್ಲಿ ಬಂದ ಇಂಗ್ಲಿಷ್ ಅನುವಾದ. ಮೂಲ ಜಪಾನೀ ಪುಸ್ತಕ ಬಂದಿದ್ದು 1969ರಲ್ಲಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಜಪಾನಿನ ದಕ್ಷಿಣದಲ್ಲಿ ಕ್ಯೂಶೂ ದ್ವೀಪ. ಅದರ ಪಶ್ಚಿಮ ದಂಡೆಯಲ್ಲಿ ಮಿನಾಮಾತಾ ಅನ್ನೋ ಊರು. ಎದುರಿಗೆ ಶಿರಾನುಯಿ ಕಡಲು, ದ್ವೀಪಗಳು ಸುತ್ತುವರಿದ ಶಾಂತವಾದ ಒಳಗಡಲು. ಅಲ್ಲಿನ ಚಿಸ್ಸೊ ಕಾರ್ಖಾನೆ 1932ರಿಂದ 1968ರವರೆಗೆ ಅಸಿಟಾಲ್ಡಿಹೈಡ್ ಅನ್ನೋ ರಾಸಾಯನಿಕ ತಯಾರಿಸಿತು. ಅದಕ್ಕೆ ಪಾದರಸ ಬಳಸುತ್ತಿದ್ದರು. ಕೊಳೆನೀರನ್ನು ಕಡಲಿಗೆ ಬಿಟ್ಟರು. ಪಾದರಸ ಮೀನಿನ ಮೈ ಸೇರಿತು, ಮೀನು ತಿಂದವರ ನರಗಳನ್ನು ಹಾಳು ಮಾಡಿತು. ಮೊದಲು ಬೆಕ್ಕುಗಳಿಗೆ ಹುಚ್ಚು ಹಿಡಿದು ಕುಣಿದು ಸತ್ತವು. ಆಮೇಲೆ ಮನುಷ್ಯರು. ಕೈ ನಡುಗುವುದು, ಕಣ್ಣಿನ ನೋಟ ಕಿರಿದಾಗುವುದು, ನಾಲಿಗೆ ತೊದಲುವುದು. ರೋಗ ಅಧಿಕೃತವಾಗಿ ವರದಿಯಾದ ದಿನ 1956ರ ಮೇ 1.

ಈ ಪುಸ್ತಕದಲ್ಲಿ ಯುಕಿ ಅನ್ನೋ ಒಬ್ಬ ಮೀನುಗಾರ್ತಿ ಬರುತ್ತಾಳೆ. ಆಸ್ಪತ್ರೆಯಲ್ಲಿ ಮಲಗಿದ್ದಾಳೆ. ಮೈ ತುಂಬ ನಡುಕ, ಮಾತು ಸರಿಯಾಗಿ ಹೊರಡುವುದಿಲ್ಲ. ಆದರೆ ಪುಟಗಟ್ಟಲೆ ಅವಳೇ ಮಾತಾಡುತ್ತಾಳೆ! ಗಂಡನ ಜತೆ ದೋಣಿಯಲ್ಲಿ ಹೋಗುತ್ತಿದ್ದ ದಿನಗಳು, ಗಡಿಗೆಯೊಳಗೆ ಸಿಕ್ಕಿಬಿದ್ದ ಆಕ್ಟೋಪಸ್ ಜತೆಗಿನ ಜಗಳ, ಕಡಲ ತಳದ ಬಣ್ಣಗಳು. ನನಗೆ ಓದುತ್ತಾ ಗಂಟಲು ಕಟ್ಟಿತು. ಸುಮ್ನೆ ಪುಸ್ತಕ ಮುಚ್ಚಿಟ್ಟು ಹೊರಗೆ ಹೋಗಿ ನಿಂತೆ.

ಆಮೇಲೆ ಗೊತ್ತಾಯ್ತು, ಆ ಮಾತು ಯಾರೂ ಧ್ವನಿಮುದ್ರಿಸಿಕೊಂಡದ್ದಲ್ಲ ಅಂತ. ಲೇಖಕಿಯೇ ಬರೆದದ್ದು. ನನ್ನ ಪ್ರಶ್ನೆ ಇಷ್ಟೇ: ಹಾಗೆ ಬರೆಯಬಹುದಾ? ಓದಿದವರು ದಯವಿಟ್ಟು ಹೇಳಿ.

ಸುದ್ದಿಮನೆ

ಕಡಲಂಚು ಅವರೇ, ನಾನು ಇಪ್ಪತ್ತು ವರ್ಷ ಪತ್ರಿಕೆಯಲ್ಲಿ ಕೆಲಸ ಮಾಡಿದವನು. ಆಡದ ಮಾತನ್ನು ಆಡಿದರು ಅಂತ ಬರೆಯಬಾರದು, ಇದು ನಮಗೆ ಮೊದಲ ದಿನ ಕಲಿಸಿದ ಪಾಠ. ಅದನ್ನು ನಾನು ಇವತ್ತಿಗೂ ನಂಬುತ್ತೇನೆ.

ನೊಂದವರ ವಿಷಯದಲ್ಲಿ ಇದು ಇನ್ನೂ ಮುಖ್ಯ ಅಲ್ವಾ? ಅವರ ಹತ್ತಿರ ಉಳಿದಿರುವುದು ಅವರ ಅನುಭವ ಒಂದೇ. ಅದನ್ನೂ ಇನ್ನೊಬ್ಬರು ತಮ್ಮ ಚಂದದ ಭಾಷೆಯಲ್ಲಿ ಹೇಳಿಬಿಟ್ಟರೆ ಅವರಿಗೆ ಏನು ಉಳಿಯಿತು? ಇನ್ನೊಂದು ಭಯವೂ ಇದೆ. ಒಂದು ಮಾತು ಕಟ್ಟಿದ್ದು ಅಂತ ಗೊತ್ತಾದರೆ, ಕಾರ್ಖಾನೆಯವರು ಎಲ್ಲವೂ ಕಟ್ಟುಕತೆ ಅಂತ ಹೇಳೋದಕ್ಕೆ ದಾರಿಯಾಗುತ್ತದೆ. ಪುಸ್ತಕ ನಾನು ಓದಿಲ್ಲ. ಓದಿದವರು ತಿದ್ದಲಿ.

ಹಳೇಓದುಗ

ಈ ಪ್ರಶ್ನೆ ಜಪಾನಿನಲ್ಲೇ ಎದ್ದಿತ್ತು ಸರ್. ಎತ್ತಿದವರು ವಿರೋಧಿಗಳಲ್ಲ, ಅವರ ಅತಿ ಹತ್ತಿರದ ಸಂಪಾದಕರು.

ವತಾನಾಬೆ ಕ್ಯೋಜಿ ಅನ್ನುವವರು ಅದೇ ಕ್ಯೂಶೂವಿನ ಕುಮಾಮೊತೊ ನಗರದಲ್ಲಿ ಒಂದು ಸಣ್ಣ ಪತ್ರಿಕೆ ನಡೆಸುತ್ತಿದ್ದರು. 1965ರಿಂದ ಈ ಬರಹ ಅದರಲ್ಲೇ ಕಂತುಗಳಲ್ಲಿ ಬಂತು. ಆಗ ಅದರ ಹೆಸರು ‘ಕಡಲು ಮತ್ತು ಆಕಾಶದ ನಡುವೆ’ ಅಂತ. ಎಲ್ಲರ ಹಾಗೆ ವತಾನಾಬೆ ಕೂಡ ಮೊದಲು ಅಂದುಕೊಂಡಿದ್ದು, ಇವರು ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡಿದ್ದಾರೆ ಅಂತ. ಒಂದು ದಿನ ಮಾತಿನ ಮಧ್ಯೆ ಗೊತ್ತಾಯ್ತು, ರೋಗಿಗಳ ಮನೆಗೆ ಅವರು ಪದೇಪದೇ ಹೋಗಿಯೇ ಇಲ್ಲ. ವತಾನಾಬೆಗೆ ದಿಗಿಲಾಯಿತು. ಕೇಳಿಯೇಬಿಟ್ಟರು. ಇಶಿಮುರೆ ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ ಮುಖ ಮಾಡಿ ಹೇಳಿದರಂತೆ, ಅವರು ಮನಸ್ಸಿನೊಳಗೆ ಹೇಳ್ತಿರೋದನ್ನ ಅಕ್ಷರಕ್ಕಿಳಿಸಿದರೆ ಹಾಗೇ ಆಗುತ್ತಲ್ಲ ಅಂತ.

ಇದನ್ನು ವತಾನಾಬೆ ಮುಚ್ಚಿಡಲಿಲ್ಲ. ಪುಸ್ತಕದ ಅಗ್ಗದ ಆವೃತ್ತಿ ಬಂದಾಗ ಅದರ ಕೊನೆಗೆ ತಾವೇ ಬರೆದರು: ಇದು ಕೇಳಿ ಬರೆದುಕೊಂಡ ವರದಿ ಅಲ್ಲ, ಇದು ಇಶಿಮುರೆಯ ಸ್ವಂತ ಕಾದಂಬರಿ ಅಂತ. ಹಾಗಾಗಿ ಓದುಗರಿಗೆ ಮೋಸ ಆಗಿದೆ ಅಂತ ನನಗೆ ಅನ್ನಿಸುವುದಿಲ್ಲ.

ಇನ್ನೊಂದು ಮಾತು. ಪುಸ್ತಕದಲ್ಲಿ ಬರೀ ಯುಕಿಯ ಮಾತಿಲ್ಲ. ವೈದ್ಯರ ವರದಿ, ಬೆಕ್ಕುಗಳ ಮೇಲಿನ ಪ್ರಯೋಗದ ವಿವರ, ಕಾರ್ಖಾನೆ ರೋಗಿಗಳ ಜತೆ ಮಾಡಿಕೊಂಡ ಒಪ್ಪಂದದ ಪತ್ರ, ಎಲ್ಲವನ್ನೂ ಇದ್ದ ಹಾಗೆಯೇ ಇಟ್ಟಿದ್ದಾರೆ. ರೋಗಿಯ ಕಣ್ಣು ಎಷ್ಟು ಡಿಗ್ರಿ ನೋಡುತ್ತೆ ಅಂತ ಒಂದು ಪುಟ. ಅದೇ ರೋಗಿ ಕಡಲಲ್ಲಿ ಏನು ಕಂಡಿದ್ದಳು ಅಂತ ಮುಂದಿನ ಪುಟ. ವರದಿಯಲ್ಲಿ ಇಲ್ಲದ್ದು ಯಾವುದು ಅಂತ ನಮಗೇ ಕಾಣುತ್ತದೆ.

ಸುದ್ದಿಮನೆ

ಸಂಪಾದಕರೇ ಬರೆದರು ಅಂದರೆ ಅದು ದೊಡ್ಡ ಮಾತು. ಒಪ್ಪಿದೆ. ಆದರೂ ಒಂದೆರಡು ಸಲ ನೋಡಿ ಇನ್ನೊಬ್ಬರ ಮನಸ್ಸಿನೊಳಗಿನದು ಗೊತ್ತಾಗುತ್ತೆ ಅನ್ನೋದು ಹೇಗೆ? ನನಗೆ ಅಲ್ಲೇ ತೊಡಕು.

ಹಳೇಓದುಗ

ಅದಕ್ಕೆ ಅವರ ಬದುಕು ನೋಡಬೇಕು. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆಯಿಂದ ಓದಿ.

ಇಶಿಮುರೆ ಹುಟ್ಟಿದ್ದು 1927ರ ಮಾರ್ಚ್ 11, ಎದುರು ದಂಡೆಯ ಅಮಾಕುಸಾ ದ್ವೀಪದಲ್ಲಿ. ಕೆಲವೇ ತಿಂಗಳಲ್ಲಿ ಮನೆಯವರು ಮಿನಾಮಾತಾಕ್ಕೆ ಬಂದರು. ಕಲ್ಲುಕೆಲಸದ ಮನೆತನ. ಅಜ್ಜ ರಸ್ತೆ, ಬಂದರು ಕಟ್ಟಿಸುವ ಗುತ್ತಿಗೆ ಹಿಡಿಯುತ್ತಿದ್ದರು. ಕೆಲಸ ಚೆನ್ನಾಗಿ ಆಗಬೇಕು ಅಂತ ಕೈಯಿಂದ ದುಡ್ಡು ಹಾಕಿ ಹಾಕಿ ಕೊನೆಗೆ ಮನೆ, ಆಸ್ತಿ ಹೋಯಿತು. ಊರ ನಡುವಿನ ಮನೆ ಬಿಟ್ಟು ನದಿ ಕಡಲಿಗೆ ಸೇರುವ ಕಡೆಯ ಬಡ ಕೇರಿಗೆ ಬಂದರು.

ಅಜ್ಜಿಗೆ ಕಣ್ಣು ಕಾಣುತ್ತಿರಲಿಲ್ಲ, ಬುದ್ಧಿ ಕದಡಿತ್ತು. ಊರ ಮಕ್ಕಳು ಕಲ್ಲು ಹೊಡೆಯುತ್ತಿದ್ದರು. ಆ ಅಜ್ಜಿಯ ಕೈ ಹಿಡಿದು ನಡೆಸುತ್ತಿದ್ದದ್ದು ಪುಟ್ಟ ಮಿಚಿಕೊ. ಹಿಮ ಬೀಳುವ ರಾತ್ರಿ ಅಜ್ಜಿ ಹೊರಗೆ ಹೋದರೆ ಹುಡುಕಿಕೊಂಡು ಬರುವವಳೂ ಅವಳೇ. ಮಾತಿಲ್ಲದೆ ಇನ್ನೊಬ್ಬರ ಮನಸ್ಸು ತಿಳಿಯೋದನ್ನ ಅವರು ನಾಲ್ಕನೇ ವಯಸ್ಸಿಗೇ ಕಲಿತರು ಅಂತ ನನಗೆ ಅನ್ನಿಸುತ್ತದೆ. ಹಳೆಯ ಮನೆಯ ಹತ್ತಿರವೇ ವೇಶ್ಯೆಯರ ಮನೆ ಇತ್ತು. ಅಮಾಕುಸಾದಿಂದ ಬಡತನಕ್ಕೆ ಮಾರಲ್ಪಟ್ಟು ಬಂದ ಹುಡುಗಿಯರು ಅಲ್ಲಿದ್ದರು. ಅವರು ಈ ಮಗುವನ್ನು ಎತ್ತಿ ಆಡಿಸಿದವರು. ಇದೆಲ್ಲ 1976ರ ‘ತ್ಸುಬಾಕಿ ನೊ ಉಮಿ ನೊ ಕಿ’ಯಲ್ಲಿದೆ. ಹೆಸರಿನ ಅರ್ಥ ಕಮೆಲಿಯಾ ಹೂವಿನ ಕಡಲಿನ ಕತೆ. ನನ್ನ ಕೇಳಿದರೆ ಅವರನ್ನು ಓದಲು ಶುರು ಮಾಡಬೇಕಾದ್ದು ಅಲ್ಲಿಂದ. ರೋಗ ಬರುವ ಮುಂಚಿನ ಮಿನಾಮಾತಾ ಅದು. ಕಳೆದುಕೊಂಡಿದ್ದು ಏನು ಅಂತ ಗೊತ್ತಾಗದೆ ಅಳು ಬಂದು ಏನು ಪ್ರಯೋಜನ?

ಯುದ್ಧದ ಕಾಲದಲ್ಲಿ ಹದಿನಾರನೇ ವಯಸ್ಸಿಗೆ ಶಾಲೆಯಲ್ಲಿ ತಾತ್ಕಾಲಿಕ ಟೀಚರ್ ಆದರು. 1947ರಲ್ಲಿ ಮದುವೆ, ಮರುವರ್ಷ ಮಗ. ತಾಂಕಾ ಅನ್ನೋ ಪುಟ್ಟ ಜಪಾನೀ ಪದ್ಯ ಬರೆಯುತ್ತಿದ್ದ ಗೃಹಿಣಿ. 1958ರಲ್ಲಿ ಕಲ್ಲಿದ್ದಲು ಗಣಿ ಪ್ರದೇಶದ ಬರಹಗಾರರು ಕಟ್ಟಿದ ‘ಸರ್ಕಲ್ ವಿಲೇಜ್’ ಗುಂಪಿಗೆ ಸೇರಿದರು. ರೋಗದ ಬಗ್ಗೆ ಮೊದಲ ಬರಹ ಬಂದಿದ್ದು 1960ರಲ್ಲಿ, ಆ ಗುಂಪಿನ ಪತ್ರಿಕೆಯಲ್ಲೇ.

ಅದಕ್ಕೂ ಮೊದಲು, 1959ರ ಮೇ ತಿಂಗಳಲ್ಲಿ, ಅವರು ಆಸ್ಪತ್ರೆಗೆ ಹೋಗಿದ್ದರು. ಅಲ್ಲೊಬ್ಬ ಸಾಯುತ್ತಿರುವ ಮೀನುಗಾರ. ಎದೆಯ ಮೇಲೆ ಒಂದು ಚಿತ್ರಕಥೆ ಪುಸ್ತಕ ನಿಲ್ಲಿಸಿಕೊಂಡು ಮುಖ ಮರೆ ಮಾಡಿಕೊಂಡಿದ್ದ. ನೋಡಲು ಬಂದವರಿಂದ ತನ್ನ ಮಾನ ಕಾಪಾಡಿಕೊಳ್ಳಲು ಅವನ ಹತ್ತಿರ ಇದ್ದದ್ದು ಅದೊಂದೇ. ಆ ದಿನ ತಾನು ಮನುಷ್ಯಳಾಗಿರೋದೇ ಬೇಡ ಅನ್ನಿಸಿತು ಅಂತ ಇಶಿಮುರೆ ಬರೆಯುತ್ತಾರೆ. ಅವನ ಜೀವ ಹೋಗದೆ ತನ್ನೊಳಗೆ ಬಂದು ಕೂತಿತು ಅಂತ. ಸುದ್ದಿಮನೆ ಸರ್, ನಿಮ್ಮ ‘ಹೇಗೆ’ ಅನ್ನೋ ಪ್ರಶ್ನೆಗೆ ಅವರ ಉತ್ತರ ಅದೇ ಅಂತ ನನ್ನ ಭಾವನೆ.

ಪುತ್ತೂರಿನವಳು

ಇಲ್ಲಿ ಬರೆಯಬೇಕೋ ಬೇಡವೋ ಅಂತ ತುಂಬ ಯೋಚಿಸಿದೆ.

ನಮ್ಮ ಕಡೆ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಕಾಲ ನಿಮಗೆಲ್ಲ ಗೊತ್ತು. ಹಾಸಿಗೆ ಬಿಟ್ಟು ಏಳದ ಮಕ್ಕಳಿರುವ ಮನೆಗಳಿಗೆ ನಾನು ಎಷ್ಟೋ ಸಲ ಹೋಗಿದ್ದೇನೆ. ಹೊರಗಿನಿಂದ ಬಂದವರು ಪ್ರಶ್ನೆ ಕೇಳಿದಾಗ ಮಗು ಒಂದು ಸದ್ದು ಮಾಡುತ್ತದೆ. ಅಮ್ಮ ಹೇಳುತ್ತಾಳೆ, ‘ಅವನಿಗೆ ಫ್ಯಾನ್ ಬೇಡವಂತೆ, ಕಿಟಕಿ ತೆಗೀಬೇಕಂತೆ.’ ಕಿಟಕಿ ತೆಗೆದರೆ ಮಗು ಸುಮ್ಮನಾಗುತ್ತದೆ. ಅಮ್ಮ ಮಗುವಿನ ಬಾಯಲ್ಲಿ ಮಾತು ತುರುಕಿದಳು ಅಂತ ನಾವು ಹೇಳ್ತೀವಾ?

ಮಿನಾಮಾತಾದಲ್ಲೂ ಅಂಥ ಮಕ್ಕಳಿದ್ದರು. ತಾಯಿಯ ಹೊಟ್ಟೆಯಲ್ಲೇ ಪಾದರಸ ತಗುಲಿದವರು. ಅಮ್ಮಂದಿರು ಗಟ್ಟಿಯಾಗೇ ಇದ್ದರು, ವಿಷವನ್ನು ಹೊಟ್ಟೆಯ ಮಗು ಎಳೆದುಕೊಂಡಿತ್ತು. ಇದೂ ಅದೇ ರೋಗ ಅಂತ ಒಪ್ಪಿಕೊಳ್ಳಲು 1962ರವರೆಗೆ ಬೇಕಾಯಿತು. ಪುಸ್ತಕದಲ್ಲಿ ಅಂಥ ಒಬ್ಬ ಮೊಮ್ಮಗನ ಬಗ್ಗೆ ಅವನ ಅಜ್ಜ ಮಾತಾಡುವ ಅಧ್ಯಾಯ ಇದೆ. ಮಗು ಒಂದೂ ಮಾತಾಡುವುದಿಲ್ಲ. ಅದು ಬುದ್ಧಿಯಲ್ಲಿ ಎಲ್ಲರಿಗಿಂತ ಆಳ ಅಂತ ಅಜ್ಜ ಹೇಳುತ್ತಾನೆ. ಆ ಪುಟಗಳನ್ನು ನಾನು ಎರಡನೇ ಸಲ ಓದಲಾರೆ.

ಸುದ್ದಿಮನೆ

ಮೇಡಂ, ನೀವು ಬರೆದದ್ದು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಪುಸ್ತಕ ತರಿಸುತ್ತಿದ್ದೇನೆ.

ಬಯಲುಸೀಮೆ

ಒಂದು ಸಣ್ಣ ವಿಷಯ. ‘ಕುಗಾಯ್ ಜೋದೊ’ ಅಂದರೇನು ಅಂತ ಯಾರೂ ಹೇಳಲಿಲ್ಲ. ಕುಗಾಯ್ ಅಂದರೆ ದುಃಖದ ಕಡಲು. ನಮ್ಮ ದಾಸರ ಪದಗಳ ಭವಸಾಗರದ ಹತ್ತಿರದ ಮಾತು. ಜೋದೊ ಅಂದರೆ ಅಮಿತಾಭ ಬುದ್ಧನ ಲೋಕ. ಸಂಸ್ಕೃತದಲ್ಲಿ ಸುಖಾವತಿ ಅಂತಾರೆ. ಆ ನಂಬಿಕೆ ಭಾರತದಿಂದ ಚೀನಾ ಮೂಲಕ ಅಲ್ಲಿಗೆ ಹೋದದ್ದು. ದುಃಖದ ಕಡಲೂ ಅದೇ, ಸುಖಾವತಿಯೂ ಅದೇ ಅಂತ ಒಂದೇ ಹೆಸರಲ್ಲಿ ಇಟ್ಟಿದ್ದಾರೆ. ಯುಕಿಗೆ ಸ್ವರ್ಗ ಬೇರೆ ಎಲ್ಲೂ ಇಲ್ಲ, ಅದೇ ಕಡಲು, ಅದೇ ದೋಣಿ.

ಕನ್ನಡದಲ್ಲಿ ಹೆಸರಿಡುವುದಾದರೆ ‘ಅಳಲ ಕಡಲು, ಸುಖಾವತಿ’ ಅಂತ ಇಡಬಹುದೇನೋ.

ಕ್ಯೂಶೂನಿಂದ

ನಾನು ಕೆಲಸಕ್ಕಾಗಿ ಫುಕುವೊಕಾದಲ್ಲಿದ್ದೇನೆ, ಆರು ವರ್ಷ ಆಯ್ತು. ಈ ಚರ್ಚೆ ನೋಡಿ ತುಂಬ ಖುಷಿ. ಮಿನಾಮಾತಾಕ್ಕೆ ಎರಡು ಸಲ ಹೋಗಿದ್ದೇನೆ.

ಹಳೆಯ ಮಿನಾಮಾತಾ ಸ್ಟೇಷನ್ನಿನಿಂದ ಹೊರಗೆ ಬಂದರೆ ಎದುರಿಗೇ ಕಾರ್ಖಾನೆಯ ಗೇಟು. ಹೆಸರು ಈಗ ಬೇರೆ. ಊರು ಮತ್ತು ಕಾರ್ಖಾನೆ ಎಷ್ಟು ಅಂಟಿಕೊಂಡಿದ್ದವು ಅಂತ ಅಲ್ಲಿ ನಿಂತಾಗ ಗೊತ್ತಾಗುತ್ತೆ. ಅರ್ಧ ಊರಿಗೆ ಅನ್ನ ಕೊಡುತ್ತಿದ್ದದ್ದು ಅದೇ. ಹಾಗಾಗಿ ರೋಗಿಗಳಿಗೆ ಕಾರ್ಖಾನೆ ಮಾತ್ರ ಎದುರಾಗಲಿಲ್ಲ, ಸ್ವಂತ ಊರಿನವರೇ ಎದುರಾದರು. ಊರಿನ ಹೆಸರು ಕೆಡಿಸ್ತೀರಿ ಅಂದರು. ಅಂಥ ಊರಿನಲ್ಲೇ ಮನೆ ಮಾಡಿಕೊಂಡು ಇಶಿಮುರೆ ಇದನ್ನೆಲ್ಲ ಬರೆದರು. ತೋಕ್ಯೋದಿಂದ ಬಂದು ಬರೆದು ಹೋದವರಲ್ಲ.

ಕೊಳೆ ತುಂಬಿದ್ದ ಕೊಲ್ಲಿಯ ಭಾಗವನ್ನು ಮಣ್ಣು ಹಾಕಿ ಮುಚ್ಚಿದ್ದಾರೆ. 58 ಹೆಕ್ಟೇರ್. ಈಗ ಅದು ಉದ್ಯಾನ. ಹುಲ್ಲು, ಮರ, ಆಟದ ಬಯಲು. ಕೆಳಗೆ ಪಾದರಸದ ಕೆಸರು, ಡ್ರಮ್ಮುಗಳಲ್ಲಿ ತುಂಬಿಟ್ಟ ವಿಷದ ಮೀನು. ನೀರಿನ ಅಂಚಿಗೆ ಸಣ್ಣ ಸಣ್ಣ ಕಲ್ಲಿನ ಮೂರ್ತಿಗಳು ಕಡಲ ಕಡೆ ಮುಖ ಮಾಡಿ ನಿಂತಿವೆ. ರೋಗಿಗಳು, ಅವರ ಜತೆಗಾರರು ಕೆತ್ತಿದ್ದು. ಸತ್ತ ಮನುಷ್ಯರಿಗೆ ಮಾತ್ರ ಅಲ್ಲ, ಮೀನು, ಹಕ್ಕಿ, ಬೆಕ್ಕುಗಳಿಗೂ ಸೇರಿ. ಆ ಗುಂಪಿನಲ್ಲಿ ಇಶಿಮುರೆ ಕೂಡ ಇದ್ದರು. ಅವರು ‘ಶಿರಾನುಯಿ’ ಅಂತ ಒಂದು ‘ನೋ’ ನಾಟಕ (ಮುಖವಾಡ ಹಾಕಿ ಆಡುವ ಜಪಾನಿನ ಹಳೆಯ ನಾಟಕದ ಬಗೆ) ಬರೆದಿದ್ದರು. 2004ರ ಆಗಸ್ಟಿನಲ್ಲಿ ಅದನ್ನು ಅದೇ ಮುಚ್ಚಿದ ನೆಲದ ಮೇಲೆ, ಕಡಲಿನ ಎದುರು ಆಡಿದರು.

ಆ ಕಡೆಯ ಒಂದು ಮಾತು ಹೇಳಲೇಬೇಕು: ‘ಮೊದಾಯೆಗಾಮಿ’. ಸಂಕಟಪಡುವ ದೇವರು ಅಂತ ಅರ್ಥ. ಊರಲ್ಲಿ ಯಾರಿಗೋ ಕಷ್ಟ ಬಂದಾಗ ಏನೂ ಸಹಾಯ ಮಾಡಲು ಆಗದಿದ್ದರೂ, ಓಡಿಬಂದು ಅವರ ಬಾಗಿಲಲ್ಲಿ ನಿಂತು ಒದ್ದಾಡುವವರು ಇರುತ್ತಾರಲ್ಲ, ಅವರಿಗೆ ಹಾಗೆ ಹೇಳುತ್ತಾರೆ. ಇಶಿಮುರೆ ಈ ಮಾತನ್ನು ತುಂಬ ಹೇಳುತ್ತಿದ್ದರು. ಅವರೇ ಹಾಗಿದ್ದರು ಅಂತ ಇಲ್ಲಿನವರು ಹೇಳ್ತಾರೆ.

ಕಡಲಂಚು

ಕ್ಯೂಶೂ ಅವರೇ, ತುಂಬ ಥ್ಯಾಂಕ್ಸ್. ಹಾಗಾದರೆ ಅವರು ಬರೆದು ಸುಮ್ಮನಾದವರಲ್ಲ ಅಂತಾಯ್ತು. ಹೋರಾಟದಲ್ಲಿ ಅವರ ಪಾತ್ರ ಏನು? ಯಾರಾದರೂ ಬಿಡಿಸಿ ಹೇಳ್ತೀರಾ?

ಹಳೇಓದುಗ

ಹೇಳ್ತೀನಿ. ಮೊದಲು ಅನ್ಯಾಯ ಏನಾಗಿತ್ತು ಅಂತ ತಿಳಿಯಬೇಕು. 1959ರ ಜುಲೈನಲ್ಲೇ ಕುಮಾಮೊತೊ ವಿಶ್ವವಿದ್ಯಾಲಯದವರು ಸಾವಯವ ಪಾದರಸ ಕಾರಣ ಅಂದಿದ್ದರು. ಕಾರ್ಖಾನೆಯ ಆಸ್ಪತ್ರೆಯ ಮುಖ್ಯಸ್ಥ ಡಾಕ್ಟರ್ ಹೊಸೊಕಾವಾ, ಕೊಳೆನೀರನ್ನೇ ಬೆರೆಸಿದ ಆಹಾರ ಕೊಟ್ಟು ಬೆಕ್ಕಿನ ಮೇಲೆ ಪ್ರಯೋಗ ಮಾಡಿದರು. 400ನೇ ನಂಬರಿನ ಬೆಕ್ಕಿಗೆ ಅದೇ ರೋಗ ಬಂತು. ಕಂಪನಿ ಅದನ್ನು ಹೊರಗೆ ಬಿಡಲಿಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ಒಂದು ಶುದ್ಧೀಕರಣ ಯಂತ್ರ ಕೂರಿಸಿ ಎಲ್ಲ ಸರಿಯಾಯ್ತು ಅಂದರು. ಪಾದರಸ ತೆಗೆಯುವುದು ಆ ಯಂತ್ರದ ಕೆಲಸವೇ ಆಗಿರಲಿಲ್ಲ. ಡಿಸೆಂಬರ್ 30ಕ್ಕೆ, ಹೊಸ ವರ್ಷದ ಹಿಂದಿನ ದಿನಗಳಲ್ಲಿ, ಕೈಯಲ್ಲಿ ಕಾಸಿಲ್ಲದ ಮನೆಗಳಿಂದ ಒಂದು ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು. ಸತ್ತವರಿಗೆ 3 ಲಕ್ಷ ಯೆನ್, ಬದುಕಿದ ವಯಸ್ಕರಿಗೆ ವರ್ಷಕ್ಕೆ 1 ಲಕ್ಷ. ಪರಿಹಾರ ಅಂತಲ್ಲ, ಸಾಂತ್ವನದ ಹಣ ಅಂತ. ಮುಂದೆ ಕಾರ್ಖಾನೆಯೇ ಕಾರಣ ಅಂತ ಸಾಬೀತಾದರೂ ಇನ್ನೇನೂ ಕೇಳುವಂತಿಲ್ಲ ಅನ್ನೋ ಷರತ್ತೂ ಅದರಲ್ಲಿತ್ತು. ಸುದ್ದಿಮನೆ ಸರ್, ಮೋಸದ ಬರಹ ಅಂದರೆ ನನಗೆ ನೆನಪಾಗೋದು ಅದು. ಒಂದೊಂದು ಅಕ್ಷರವೂ ಕಾನೂನು ಪ್ರಕಾರ ಬರೆದದ್ದು.

ಸರ್ಕಾರ ಒಪ್ಪಿಕೊಂಡದ್ದು 1968ರ ಸೆಪ್ಟೆಂಬರಿನಲ್ಲಿ. ಆ ಹೊತ್ತಿಗೆ ಕಾರ್ಖಾನೆ ಹಳೆಯ ವಿಧಾನವನ್ನೇ ನಿಲ್ಲಿಸಿ ನಾಲ್ಕು ತಿಂಗಳಾಗಿತ್ತು.

ಅದೇ ವರ್ಷದ ಜನವರಿಯಲ್ಲಿ ರೋಗಿಗಳ ಪರವಾಗಿ ನಾಗರಿಕರ ಗುಂಪು ಶುರುವಾಯಿತು. ಅದನ್ನು ಕಟ್ಟಿದವರಲ್ಲಿ ಇಶಿಮುರೆ ಒಬ್ಬರು. ಕಪ್ಪು ಬಟ್ಟೆಯ ಮೇಲೆ ಬಿಳಿಯಲ್ಲಿ ಒಂದೇ ಅಕ್ಷರ ಬರೆದ ಬಾವುಟಗಳ ಫೋಟೊ ನೋಡಿರಬಹುದು. ‘ಒನ್’ ಅಂತ ಆ ಅಕ್ಷರ, ಎದೆಯಲ್ಲಿ ಉಳಿದ ಹಗೆ ಅಂತ ಅರ್ಥ. ಅದು ಅವರ ಯೋಚನೆ. 1970ರ ನವೆಂಬರಿನಲ್ಲಿ ರೋಗಿಗಳು ಒಂದೊಂದು ಷೇರು ಕೊಂಡು ಒಸಾಕಾದ ಷೇರುದಾರರ ಸಭೆಗೆ ಹೋದರು. ಬಿಳಿ ಯಾತ್ರೆಯ ಬಟ್ಟೆ ಹಾಕಿಕೊಂಡು, ಗಂಟೆ ಬಾರಿಸಿ, ಸತ್ತವರಿಗಾಗಿ ಹಾಡುವ ಭಕ್ತಿಪದ ಹಾಡಿದರು. ಇಶಿಮುರೆ ಜತೆಗಿದ್ದರು. 1971ರ ಕೊನೆಯಿಂದ ತೋಕ್ಯೋದ ಮುಖ್ಯ ಕಚೇರಿಯ ಮುಂದೆ ನಡೆದ ಧರಣಿಯಲ್ಲೂ ಇದ್ದರು. 1973ರ ಮಾರ್ಚ್ 20ಕ್ಕೆ ಕೋರ್ಟು ಹಳೆಯ ಒಪ್ಪಂದ ನಿಲ್ಲುವುದಿಲ್ಲ ಅಂದಿತು. ಒಬ್ಬೊಬ್ಬರಿಗೆ 1 ಕೋಟಿ 60 ಲಕ್ಷದಿಂದ 1 ಕೋಟಿ 80 ಲಕ್ಷ ಯೆನ್ ಕೊಡಬೇಕು ಅಂದಿತು.

1970ರಲ್ಲಿ ಪುಸ್ತಕಕ್ಕೆ ಓಯಾ ಸೋಇಚಿ ಹೆಸರಿನ ದೊಡ್ಡ ಪ್ರಶಸ್ತಿ ಬಂತು. ಅದು ಆ ಪ್ರಶಸ್ತಿಯ ಮೊದಲ ವರ್ಷ. ರೋಗಿಗಳು ನರಳುತ್ತಿರುವಾಗ ತನಗೊಬ್ಬಳಿಗೆ ಪ್ರಶಸ್ತಿ ಬೇಡ ಅಂತ ತೆಗೆದುಕೊಳ್ಳಲಿಲ್ಲ. 1973ರಲ್ಲಿ ಮ್ಯಾಗ್ಸೆಸೆ ಬಂದಾಗ ಸ್ವೀಕರಿಸಿದರು.

ಬಯಲುಸೀಮೆ

ಪ್ರಾದೇಶಿಕ ಲೇಖಕಿ ಅಂತ ಅವರನ್ನು ಕರೆಯೋದು ನನಗೆ ಇಷ್ಟ. ಆ ಮಾತು ಸಣ್ಣದು ಅಂತ ಯಾಕೆ ಅಂದುಕೊಳ್ಳಬೇಕು? ಲೇಖಕ ಇಕೆಝಾವಾ ನತ್ಸುಕಿ 30 ಸಂಪುಟಗಳ ಜಗತ್ತಿನ ಸಾಹಿತ್ಯದ ಮಾಲೆ ಮಾಡಿದಾಗ, ಒಂದಿಡೀ ಸಂಪುಟ ಕೊಟ್ಟದ್ದು ಒಬ್ಬರೇ ಜಪಾನೀ ಲೇಖಕರಿಗೆ. ಅದು ‘ಕುಗಾಯ್ ಜೋದೊ’ ಮೂರೂ ಭಾಗ, ನಾವು ಇಲ್ಲಿ ಮಾತಾಡುತ್ತಿರುವುದು ಮೊದಲನೆಯದು. ಎರಡನೇ ಭಾಗ ಮುಗಿದದ್ದು 2004ರಲ್ಲಿ. ಮೂರನೆಯದು ಅದಕ್ಕೂ ಮೂವತ್ತು ವರ್ಷ ಮುಂಚೆಯೇ ಬಂದಿತ್ತು. ಅಂದರೆ ನಡುವಿನ ಭಾಗಕ್ಕೆ ಎಷ್ಟು ಕಾಲ ಹಿಡಿಯಿತು ನೋಡಿ.

ಕ್ಯೂಶೂನಿಂದ

ಕೊನೆಯ ವರ್ಷಗಳಲ್ಲಿ ಅವರಿಗೆ ಪಾರ್ಕಿನ್ಸನ್ ಕಾಯಿಲೆ. ಕೈ ನಡುಗುತ್ತಿತ್ತು, ಬರೆಯುವುದು ಕಷ್ಟ ಆಗಿತ್ತು. ಯುಕಿಯ ನಡುಕವನ್ನು ಬರೆದವರಿಗೇ ಹೀಗಾಯಿತಲ್ಲ ಅಂತ ನನಗೆ ತುಂಬ ಸಂಕಟ ಆಗಿತ್ತು. ಹಸ್ತಪ್ರತಿ ನಕಲು ಮಾಡಿ, ಅಡುಗೆ ಮಾಡಿಟ್ಟು ನೋಡಿಕೊಂಡದ್ದು ಅದೇ ವತಾನಾಬೆ. 2018ರ ಫೆಬ್ರವರಿ 10ಕ್ಕೆ ಕುಮಾಮೊತೊದಲ್ಲಿ ತೀರಿಕೊಂಡರು. 90 ವರ್ಷ.

ಸುದ್ದಿಮನೆ

ಮೂರು ವಾರದ ಮೇಲೆ ಮತ್ತೆ ಬಂದಿದ್ದೇನೆ. ಓದಿ ಮುಗಿಸಿದೆ.

ಶುರುವಿನಲ್ಲೇ ಒಬ್ಬ ಹುಡುಗ ಬರುತ್ತಾನೆ. ಕಣ್ಣು ಕಾಣದವನು. ಒಬ್ಬನೇ ಅಂಗಳದಲ್ಲಿ ಕೋಲು ಹಿಡಿದು, ಕಲ್ಲು ಮೇಲಕ್ಕೆಸೆದು ಬೇಸ್‌ಬಾಲ್ ಅಭ್ಯಾಸ ಮಾಡುತ್ತಿರುತ್ತಾನೆ. ಅಲ್ಲಿ ಲೇಖಕಿ ಅವನ ಬಾಯಿಂದ ಏನೂ ಹೇಳಿಸುವುದಿಲ್ಲ. ದೂರ ನಿಂತು ನೋಡುತ್ತಾರೆ, ಅಷ್ಟೇ. ಎಲ್ಲಿ ಮಾತಾಡಿಸಬೇಕು, ಎಲ್ಲಿ ಸುಮ್ಮನಿರಬೇಕು ಅಂತ ಅವರಿಗೆ ಗೊತ್ತಿತ್ತು. ನಾನು ಮೊದಲು ಬರೆದದ್ದು ಪತ್ರಿಕೆಗೆ ಸರಿ, ಅದನ್ನು ಬಿಡುವುದಿಲ್ಲ. ಈ ಪುಸ್ತಕಕ್ಕೆ ಆ ಅಳತೆ ಸಾಲುವುದಿಲ್ಲ. ಅದೇ ಕಡಲಿನ ಮೀನು ತಿಂದು, ಅದೇ ಭಾಷೆ ಆಡಿ ಬೆಳೆದವರು ಬಿಟ್ಟರೆ ಬೇರೆ ಯಾರೂ ಯುಕಿಯ ಪುಟಗಳನ್ನು ಬರೆಯಲಾರರು. ನಾನಂತೂ ಖಂಡಿತ ಆಗುತ್ತಿರಲಿಲ್ಲ.

ಕಡಲಂಚು

ಸುದ್ದಿಮನೆ ಸರ್, ನಿಮ್ಮ ಮಾತು ಓದಿ ತುಂಬ ಸಮಾಧಾನ ಆಯ್ತು.

ಈಗ ಒಂದು ಸಹಾಯ ಬೇಕು. ಯುಕಿಯ ಅಧ್ಯಾಯದ ಎರಡು ಪುಟ ನನಗೋಸ್ಕರ ಕನ್ನಡಕ್ಕೆ ತರುತ್ತಿದ್ದೇನೆ, ಕ್ಯೂಶೂ ಅವರು ಮೂಲ ಓದಿ ಅರ್ಥ ಹೇಳುತ್ತಿದ್ದಾರೆ. ಮೊದಲು ಪುಸ್ತಕದ ಕನ್ನಡದಲ್ಲಿ ಬರೆದೆ, ಸತ್ತೇ ಹೋಯ್ತು. ಅವಳ ಮಾತು ಕಡಲ ದಂಡೆಯ ಆಡುಮಾತು. ಹಾಗಾಗಿ ಕುಂದಾಪುರ ಕನ್ನಡದಲ್ಲಿ ಪ್ರಯತ್ನ ಮಾಡುತ್ತಿದ್ದೇನೆ. ಅಲ್ಲಿ ಎರಡು ತೊಡಕು.

ಒಂದು, ದೋಣಿ. ಗಂಡ ಹಿಂದೆ ನಿಂತು ಒಂದು ಹುಟ್ಟು ಹಾಕುತ್ತಾನೆ, ಇವಳು ಪಕ್ಕದಲ್ಲಿ ಇನ್ನೊಂದು. ಇಬ್ಬರ ಹುಟ್ಟಿಗೂ ಬೇರೆ ಬೇರೆ ಹೆಸರಿದೆ ಅಲ್ಲಿ.

ಎರಡು, ಅವಳು ಗಂಡನನ್ನು ‘ಜೀಚಾನ್’ ಅಂತಾಳೆ. ಅಕ್ಷರಶಃ ಅಜ್ಜ ಅಂತ. ವಯಸ್ಸಾದ ಗಂಡನನ್ನು ಪ್ರೀತಿಯಿಂದ ಹಾಗೆ ಕರೆಯುತ್ತಾರೆ. ಕನ್ನಡದಲ್ಲಿ ಅಜ್ಜ ಅಂತ ಹಾಕಿದರೆ ಓದುವವರಿಗೆ ಗೊಂದಲ ಆಗುತ್ತೆ.

ಗಂಗೊಳ್ಳಿ

ಇಲ್ಲಿವರೆಗೆ ಸುಮ್ನೆ ಓದ್ತಾ ಇದ್ದೆ, ಈಗ ಬರೀತೀನಿ. ನಮ್ಮ ಮನೆಯಲ್ಲಿ ಎರಡು ತಲೆಮಾರು ನಾಡದೋಣಿ.

ಹುಟ್ಟಿಗೆ ಬೇರೆ ಹೆಸರು ಹುಡುಕಬೇಡಿ. ‘ಹಿಂದಿನ ಹುಟ್ಟು’, ‘ಬದಿ ಹುಟ್ಟು’ ಅಂತ ಹಾಕಿ. ಓದಿದವರಿಗೆ ಯಾರು ಎಲ್ಲಿ ನಿಂತಿದ್ದಾರೆ ಅಂತ ಕಾಣುತ್ತದೆ.

ಅಜ್ಜ ಬೇಡ. ನನ್ನ ಅಮ್ಮ ಅಪ್ಪನನ್ನು ಯಾವತ್ತೂ ಹೆಸರು ಹಿಡಿದು ಕರೆದವಳಲ್ಲ. ಎದುರಿಗಿದ್ದರೆ ‘ಹೋಯ್’. ಬೇರೆಯವರ ಹತ್ತಿರ ಹೇಳುವಾಗ ‘ಇವ್ರು’. ಆಸ್ಪತ್ರೆಯಲ್ಲಿ ಮಲಗಿ ಹಳೆಯದು ಹೇಳುವಾಗ ಯುಕಿ ‘ಇವ್ರು’ ಅನ್ನಲಿ. ದೋಣಿ ಮೇಲಿನ ಮಾತು ಬಂದಾಗ ಮಾತ್ರ ‘ಹೋಯ್’ ಅಂತ ಕೂಗಲಿ. ಆ ಎರಡು ಪುಟ ಆದಮೇಲೆ ಇಲ್ಲಿ ಹಾಕಿ. ಅಮ್ಮನಿಗೆ ಓದಿ ಹೇಳ್ತೀನಿ.